ಐದನೆಯ ಮನೆ

ಬೆಳಿಗ್ಗೆ ಆರೂವರೆಗೆ ನನ್ನ ಕೆಲಸ ಶುರುವಾಗುತ್ತದೆ. ಒಂದೊಂದೇ ಮನೆಯ ಬಾಗಿಲಲ್ಲಿ ನಿಂತು "ಮೊಸರು ಆಗೇತೇನ್ರೀ?" ಎಂದು ಕೇಳಬೇಕು. ಮನೆಯವರು ಹಿಂದಿನ ದಿನ ಹೆಪ್ಪು ಹಾಕಿಟ್ಟ ಪಾತ್ರೆಯನ್ನು ತಂದು ತೋರಿಸಬೇಕು. ನಾನು ಅದನ್ನು ಕೈಗೆ ತೆಗೆದುಕೊಂಡು ಬಗ್ಗಿಸಬೇಕು. ಅಲುಗದೆ ನಿಂತರೆ ಪುಸ್ತಕದಲ್ಲಿ 'ಆಗಿದೆ', ಹಾಲಿನ ಹಾಗೆ ಹರಿದರೆ 'ಆಗಿಲ್ಲ'. ಆಗಿಲ್ಲ ಅಂದರೆ ಆ ಮನೆಯಲ್ಲಿ ಯಾರೋ ಒಬ್ಬರು ನೋವಿನ ಗುಳಿಗೆಗೆ ಬಿದ್ದಿದ್ದಾರೆ ಅಂತಲೇ ಲೆಕ್ಕ. ನಮ್ಮ ಊರಲ್ಲಿ ಈ ಲೆಕ್ಕ ಒಮ್ಮೆಯೂ ತಪ್ಪಿಲ್ಲ. ಹದಿನೆಂಟು ವರ್ಷ ನಾನು ನಳದ ಮೀಟರು ಓದಿದವನು. ಆ ಕೆಲಸ ನಿಂತ ಮೇಲೆ ಪುರಸಭೆಯವರು ಇದಕ್ಕೆ ಹಾಕಿದರು. ಮೊದಲು ಜನ ನಳದ ಗುರಪಾದಣ್ಣ ಎನ್ನುತ್ತಿದ್ದರು, ಈಗ ಮೊಸರ ಗುರಪಾದಣ್ಣ ಎನ್ನುತ್ತಾರೆ. ಅಂದುಕೊಳ್ಳಲಿ ಬಿಡಿ. ನೂರಾ ಇಪ್ಪತ್ತು ಮನೆ ನಡೆಯುವುದಂತೂ ತಪ್ಪಲಿಲ್ಲ.

ನಮ್ಮದು ಕಲ್ಲಿನ ಗಣಿಯ ಊರು. ಇಲ್ಲಿ ನಲವತ್ತು ದಾಟಿದ ಗಂಡಸಿನ ಸೊಂಟ ನೆಟ್ಟಗಿದ್ದರೆ ಜನ ಅವನನ್ನು ಮೈಗಳ್ಳ ಎನ್ನುತ್ತಾರೆ. ಚಪ್ಪಡಿ ಎತ್ತಿ ಎತ್ತಿ ಬೆನ್ನು ಹೋದವರಿಗೆ ಡಾಕ್ಟರು ಬಿಳಿ ಗುಳಿಗೆ ಬರೆದುಕೊಟ್ಟರು. ಆಮೇಲೆ ಚೀಟಿ ಇಲ್ಲದೆಯೂ ಸಿಗತೊಡಗಿತು. ನೋವು ಹೋಗಿ ಗುಳಿಗೆ ಉಳಿಯಿತು. ಮನೆಮನೆಯಲ್ಲಿ ಹಾಲು ಹೆಪ್ಪಾಗುವುದು ನಿಂತದ್ದು ಆ ಹೊತ್ತಿನಲ್ಲೇ. ಜನ ಅದಕ್ಕೂ ಹೊಂದಿಕೊಂಡರು. ಹೆಣ್ಣು ನೋಡಲು ಬಂದ ಬೀಗರು ಈಗ ಉಪ್ಪಿಟ್ಟು ಮುಟ್ಟುವ ಮೊದಲು ಮಜ್ಜಿಗೆ ಕೇಳುತ್ತಾರೆ, ಕೊಟ್ಟದ್ದನ್ನು ಬಾಯಲ್ಲಿ ಎರಡು ಸಲ ಹೊರಳಿಸಿ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಬೆಳಗಿನ ಹತ್ತು ಗಂಟೆಯ ಒಳಗೆ ಊರಲ್ಲಿ ಯಾರೂ ಮೊಸರು ಮಾರಕೂಡದೆಂದು ಪುರಸಭೆ ಡಂಗುರ ಹೊಡೆಸಿತು, ಇಲ್ಲದಿದ್ದರೆ ಕೊಂಡು ತಂದ ಮೊಸರನ್ನೇ ನನಗೆ ತೋರಿಸುತ್ತಾರಲ್ಲ. ಆದರೂ ಹಿತ್ತಲ ಬಾಗಿಲಿಂದ ಹಿತ್ತಲ ಬಾಗಿಲಿಗೆ ಮೊಸರು ಓಡಾಡುವುದು ನಿಲ್ಲಲಿಲ್ಲ. "ಒಂದು ಚಮಚ ಹೆಪ್ಪು ಕೊಡಿ" ಎಂದು ಹೋದ ಹೆಂಗಸು ಒಂದು ಬೋಗುಣಿ ತುಂಬ ತಂದರೆ ಅದನ್ನು ತಡೆಯುವ ಕಾನೂನು ಎಲ್ಲಿದೆ? ಇನ್ನು ಗಣಿಯ ಪಕ್ಕದ ಜೋಪಡಿಗಳವರು ಹಾಲನ್ನೇ ಕೊಳ್ಳುವುದಿಲ್ಲ. ಹಾಲಿಲ್ಲದ ಮನೆಗೆ ಮೊಸರಿನ ಚಿಂತೆ ಇಲ್ಲ, ಪುರಸಭೆಗೆ ಆ ಮನೆಗಳ ಚಿಂತೆ ಇಲ್ಲ. ನಕ್ಷೆಯಲ್ಲಿ ಅವು ಇಂದಿಗೂ ಖಾಲಿ ಇವೆ.

ನಕ್ಷೆ ಅಂದೆನಲ್ಲ, ಅದನ್ನು ಮಾಡುವವಳು ಫರ್ಜಾನಾ. ಬೇರೆ ಊರಿನಿಂದ ಬಂದ ಇಪ್ಪತ್ತಾರರ ಹುಡುಗಿ. ನನಗೆ ಮೇಲಧಿಕಾರಿಯಾದರೂ ನನ್ನನ್ನು ಕಾಕಾ ಎಂದೇ ಕರೆಯುತ್ತಾಳೆ. ನಾನೂ ಉಳಿದ ಓಣಿಗಳ ಗಣತಿಯವರೂ ದಿನಾ ಹನ್ನೊಂದಕ್ಕೆ ಪುಸ್ತಕ ಕೊಟ್ಟರೆ ಅವಳು ಕಂಪ್ಯೂಟರಿನಲ್ಲಿ ಮನೆಮನೆಗೂ ಚುಕ್ಕೆ ಇಡುತ್ತಾಳೆ, ಆಗಿದ್ದರೆ ಹಳದಿ, ಆಗದಿದ್ದರೆ ಕೆಂಪು. ಊರಿಗೆಲ್ಲ ಹನ್ನೆರಡು ಉಸಿರು ಡಬ್ಬಿಗಳಿವೆ. ಗುಳಿಗೆ ಹೆಚ್ಚಾದವನಿಗೆ ಉಸಿರು ನಿಧಾನವಾಗಿ ನಿಂತೇಹೋಗುತ್ತದೆ. ಆಗ ಡಬ್ಬಿಯಲ್ಲಿರುವ ಔಷಧಿಯನ್ನು ಮೂಗಿಗೆ ಹೊಡೆದರೆ, ನಾಲ್ಕೈದು ನಿಮಿಷದ ಒಳಗೆ ಹೊಡೆದರೆ, ಹೋದ ಉಸಿರು ತಿರುಗಿ ಬರುತ್ತದೆ. ಹನ್ನೆರಡೇ ಡಬ್ಬಿ, ಓಣಿಗಳು ಅರವತ್ತು. ಹಾಗಾಗಿ ಕನಿಷ್ಠ ಐದು ಕೆಂಪು ಚುಕ್ಕೆ ಇರುವ ಓಣಿಗೆ ಮಾತ್ರ ಡಬ್ಬಿ ಎಂಬ ನಿಯಮ ಬಂತು. ಪ್ರತಿ ತಿಂಗಳ ಮೊದಲ ಸೋಮವಾರ ನಕ್ಷೆ ನೋಡಿ ಡಬ್ಬಿಗಳನ್ನು ಕೀಳುತ್ತಾರೆ, ಬೇರೆ ಕಡೆ ಜಡಿಯುತ್ತಾರೆ. ನಮ್ಮ ಓಣಿಯ ಮೂಲೆಯಲ್ಲಿ ಹಿಟ್ಟಿನ ಗಿರಣಿಯ ಗೋಡೆಗೆ ಒಂದು ಡಬ್ಬಿ ಇತ್ತು.

ಇಂಥ ಕೆಲಸದಲ್ಲಿ ಇರುವವನಿಗೆ ಎಷ್ಟು ಜನ ಕೈಮುಗಿಯುತ್ತಾರೆ ಎಂದು ಕೇಳಬೇಡಿ. ಮಗಳ ಮದುವೆ ಗೊತ್ತಾಗುವತನಕ ಹಳದಿ ಇರಲಿ ಎಂದವರುಂಟು. ನಿವೃತ್ತ ಹೆಡ್ಮಾಸ್ತರೊಬ್ಬರು, ನನಗೆ ಅಕ್ಷರ ಕಲಿಸಿದವರು, ಹರಿಯುವ ಮೊಸರಿನ ಪಾತ್ರೆ ಹಿಡಿದುಕೊಂಡು ನನ್ನ ಮುಂದೆ ತಲೆ ತಗ್ಗಿಸಿ ನಿಂತಿದ್ದರು. ನಾನು ಅವರಿಗೆ, "ಸರ್, ನೀವ ಕಲಿಸಿದ್ದು, ಇದ್ದದ್ದು ಇದ್ದಂಗ ಬರೀಬೇಕಂತ" ಎಂದು ಹೇಳಿ ಕೆಂಪು ಬರೆದುಕೊಂಡು ಬಂದೆ. ಆ ದಿನ ನನಗೆ ಬಹಳ ಹೆಮ್ಮೆಯಾಗಿತ್ತು. ಮನೆಗೆ ಬಂದು ಹೆಂಡತಿಗೆ ಹೇಳಿದೆ ಕೂಡ. ಹೇಳೋದು ಶಾಸ್ತ್ರ, ಹಾಕೋದು ಗಾಳ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು ಎಂದು ಆಗಿನ್ನೂ ಗೊತ್ತಿರಲಿಲ್ಲ.

ನನ್ನ ಮೊಣಕಾಲು ಹೋದದ್ದು ಕಳೆದ ವರ್ಷ. ನೂರಾ ಇಪ್ಪತ್ತು ಮನೆಯ ಮೆಟ್ಟಿಲು ಹತ್ತಿ ಇಳಿದು ಬಂದರೆ ಸಂಜೆ ಕಾಲು ಮಡಚಲು ಆಗುತ್ತಿರಲಿಲ್ಲ. ಒಂದು ದಿನ ಎದುರು ಮನೆಯ ದ್ಯಾಮಣ್ಣನ ಕಟ್ಟೆಯ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದೆ. ದ್ಯಾಮಣ್ಣ ಗಣಿಯಲ್ಲಿ ಕಲ್ಲು ಸೀಳುವವನು, ನನಗಿಂತ ಎಂಟು ವರ್ಷ ಚಿಕ್ಕವನು, ಅವನ ಮನೆಯ ಚುಕ್ಕೆಯನ್ನು ಕೆಂಪು ಮಾಡಿದವನು ನಾನೇ. ಅದಕ್ಕೆ ಅವನು ಒಂದು ದಿನವೂ ಮುಖ ಗಂಟು ಹಾಕಿಕೊಂಡವನಲ್ಲ. ಜೇಬಿನಿಂದ ಗುಳಿಗೆ ತೆಗೆದು ಉಗುರಿನಲ್ಲಿ ಎರಡು ಹೋಳು ಮಾಡಿ, "ಅರ್ಧ ತಗೋ ಅಣ್ಣಾ. ಅರ್ಧಕ್ಕ ಏನೂ ಆಗಂಗಿಲ್ಲ" ಅಂದ. ತೆಗೆದುಕೊಂಡೆ. ಅರ್ಧ ಗಂಟೆಯಲ್ಲಿ ಕಾಲು ಇದೆ ಅನ್ನುವುದೇ ಮರೆತುಹೋಯಿತು. ಎಷ್ಟೋ ವರ್ಷಗಳ ಮೇಲೆ ಆ ಸಂಜೆ ನಾನು ಹಾಡಿಕೊಂಡು ಮನೆಗೆ ಬಂದೆ. ಅರ್ಧ ಒಂದಾಗಲು ಎರಡು ತಿಂಗಳು ಹಿಡಿಯಿತು, ಒಂದು ನಾಲ್ಕಾಗಲು ಅಷ್ಟೂ ಹಿಡಿಯಲಿಲ್ಲ.

ಒಂದು ಬೆಳಿಗ್ಗೆ ನನ್ನ ಹೆಂಡತಿ ಕಸ್ತೂರಿ ಅಡಿಗೆಮನೆಯಲ್ಲಿ ಗಡಿಗೆ ಹಿಡಿದು ಸುಮ್ಮನೆ ನಿಂತಿದ್ದಳು. ನಾನು ನೋಡಿದೆ, ಅವಳೂ ನೋಡಿದಳು. "ಹಾಲಿನಂವ ನೀರ ಹಾಕ್ಯಾನ ಕಾಣ್ತೈತಿ" ಎಂದಳು. ನಾನು "ಹೂಂ, ಕೇಳ್ಬೇಕು ಅವಂಗ" ಎಂದೆ. ನಮ್ಮಿಬ್ಬರ ನಡುವೆ ಈ ವಿಷಯದಲ್ಲಿ ಆದ ಮಾತು ಅಷ್ಟೇ. ಮಾರನೆಯ ದಿನ ಅವಳು ಹಿಂದಿನ ಓಣಿಯ ಗೆಳತಿಯ ಮನೆಗೆ ಹೆಪ್ಪಿಗೆಂದು ಹೋಗಿ ಬೋಗುಣಿ ತುಂಬಿಸಿಕೊಂಡು ಬಂದಳು. ಪುರಸಭೆಯ ನಿಯಮದ ಪ್ರಕಾರ ಗಣತಿಯವನು ತನ್ನ ಮನೆಯನ್ನೂ ಬಿಡುವಂತಿಲ್ಲ. ನಾನು ಏಳು ಹತ್ತಕ್ಕೆ ನನ್ನದೇ ಹೊಸ್ತಿಲ ಹೊರಗೆ ನಿಂತು, ಓಣಿಗೆಲ್ಲ ಕೇಳುವಂತೆ "ಮೊಸರು ಆಗೇತೇನ್ರೀ?" ಎಂದು ಕೂಗುತ್ತಿದ್ದೆ. ಕಸ್ತೂರಿ ತಲೆಯ ಮೇಲೆ ಸೆರಗು ಎಳೆದುಕೊಂಡು ಬಂದು, "ಆಗೇತ್ರೀ" ಎಂದು ಬೋಗುಣಿ ಕೊಡುತ್ತಿದ್ದಳು. ನಾನು ಬಗ್ಗಿಸಿ ನೋಡಿ ಹಳದಿ ಬರೆದುಕೊಳ್ಳುತ್ತಿದ್ದೆ. ಏಳು ತಿಂಗಳು ಹೀಗೆ ನಡೆಯಿತು. ಅವಳು ಒಂದು ದಿನವೂ ನನ್ನ ಕಣ್ಣಲ್ಲಿ ಕಣ್ಣಿಟ್ಟು ನೋಡಲಿಲ್ಲ. ನನಗೆ ಅದೇ ಸಾಕಾಗಿತ್ತು.

ಆಗ ನಮ್ಮ ಓಣಿಯಲ್ಲಿ ಕೆಂಪು ಮನೆ ಐದು ಇದ್ದವು, ನನ್ನದನ್ನು ಬಿಟ್ಟು. ಮಳೆಗಾಲ ಮುಗಿದ ಮೇಲೆ ಗಿರಣಿ ಪಕ್ಕದ ಬಾಡಿಗೆ ಸಂಸಾರ ಊರು ಬಿಟ್ಟು ಹೋಯಿತು. ಅವರದು ಕೆಂಪು ಮನೆ. ತಿಂಗಳ ಕೊನೆಗೆ ನಾನು ಪುಸ್ತಕ ಕೊಡಲು ಹೋದಾಗ ಫರ್ಜಾನಾ ನಗುತ್ತ ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದಳು. "ಕಾಕಾ, ನಿಮ್ಮ ಓಣಿ ನಾಕಕ್ಕ ಬಂದದ. ಸುಧಾರಿಸ್ಲಿಕ್ಹತ್ತೇದ ನೋಡ್ರಿ. ಗಂಜ್ ಬಜಾರದ ಹಿಂದಿನ ಓಣ್ಯಾಗ ಎಂಟಾಗ್ಯಾವ, ಪಾಪ, ಅಲ್ಲಿ ಡಬ್ಬಿ ಇಲ್ಲ. ನಿಮ್ಮಲ್ಲಿದ್ದು ಅಲ್ಲಿಗೆ ಹಾಕಸ್ತೀನಿ." ನಕ್ಷೆಯಲ್ಲಿ ನಮ್ಮ ಓಣಿಯ ಮೇಲೆ ನಾಲ್ಕು ಕೆಂಪು ಚುಕ್ಕೆಗಳಿದ್ದವು. ದ್ಯಾಮಣ್ಣನ ಮನೆಯ ಎದುರಿಗೆ ನನ್ನ ಮನೆ ಹಳದಿಯಾಗಿ ಕೂತಿತ್ತು. ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಅವಳು ನಗುತ್ತಿದ್ದಳು, ಬಾಗಿಲಲ್ಲಿ ಜವಾನ ನಿಂತಿದ್ದ, ನನ್ನ ಬಾಯಿಂದ ಬಂದದ್ದು "ಚಲೋ ಆತ್ರಿ ಮೇಡಂ" ಎಂಬ ಮಾತು. ಸೋಮವಾರ ಇಬ್ಬರು ಬಂದು ಡಬ್ಬಿ ಬಿಚ್ಚಿಕೊಂಡು ಹೋದರು. ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ದ್ಯಾಮಣ್ಣನೂ ತನ್ನ ಕಟ್ಟೆಯ ಮೇಲೆ ಕೂತು ನೋಡಿದ.

ಮುಂದಿನ ತಿಂಗಳ ಒಂದು ಭಾನುವಾರ, ಮಧ್ಯಾಹ್ನ ಊಟವಾಗಿ ನಾನು ಅಡ್ಡಾಗಿದ್ದೆ. ದ್ಯಾಮಣ್ಣನ ಹೆಂಡತಿ ನಿಂಬೆವ್ವ ಕೂಗಿದ್ದು ಕೇಳಿಸಿತು. ಓಡಿ ಹೋದೆ. ದ್ಯಾಮಣ್ಣ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತವನು ಕೂತ ಹಾಗೇ ಇದ್ದ. ತುಟಿ ನೀಲಿಗಟ್ಟಿತ್ತು. ಎದೆ ಏಳುತ್ತಿರಲಿಲ್ಲ. "ಡಬ್ಬಿ, ಅಣ್ಣಾರ, ಡಬ್ಬಿ ತರ್ರಿ" ಎಂದು ನಿಂಬೆವ್ವ ಅರಚಿದಳು. ನನ್ನ ಕಾಲು ನನ್ನನ್ನು ಗಿರಣಿಯ ಗೋಡೆಯ ಹತ್ತಿರ ಒಯ್ದಿತು. ಅಲ್ಲಿ ಮೊಳೆಯ ನಾಲ್ಕು ತೂತು ಇದ್ದವು. ಅಲ್ಲಿಂದ ಗಂಜ್ ಹಿಂದಿನ ಓಣಿಗೆ ಓಡಿದೆ. ಈ ಮೊಣಕಾಲಿನಲ್ಲಿ ಓಡುವುದೆಂದರೇನು, ಕುಂಟಿದೆ. ಡಬ್ಬಿ ಒಡೆದು ಔಷಧಿ ತೆಗೆದುಕೊಂಡು, ಯಾರದೋ ಸೈಕಲ್ಲಿನ ಹಿಂದೆ ಕೂತು ವಾಪಸು ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಆಗಿತ್ತು. ಆದರೂ ಮೂಗಿಗೆ ಹೊಡೆದೆ. ಇನ್ನೊಂದನ್ನೂ ಹೊಡೆದೆ. ಕಸ್ತೂರಿ ಹಿಂದಿನಿಂದ ಬಂದು ನನ್ನ ಕೈ ಹಿಡಿದುಕೊಂಡು, "ಬಿಡ್ರಿ, ಸಾಕು" ಎಂದಳು. ಏಳು ತಿಂಗಳಲ್ಲಿ ಅವಳು ನನ್ನ ಮುಖ ನೋಡಿದ್ದು ಆಗಲೇ.

ಸೋಮವಾರ ಮಣ್ಣು ಮಾಡಿ ಬಂದೆವು. ಮಂಗಳವಾರ ನಾನು ಎಂದಿನಂತೆ ಪುಸ್ತಕ ಹಿಡಿದು ಹೊರಟು, ಏಳು ಹತ್ತಕ್ಕೆ ನನ್ನ ಮನೆಯ ಮುಂದೆ ನಿಂತು ಕೂಗಿದೆ. ಕಸ್ತೂರಿ ಬೋಗುಣಿ ತಂದಳು. ನಾನು ಅದನ್ನು ತೆಗೆದುಕೊಳ್ಳಲಿಲ್ಲ. "ಇದು ಬ್ಯಾಡ. ನಮ್ಮ ಗಡಿಗಿ ತಾ" ಎಂದೆ. ಅವಳು ಬೋಗುಣಿಯನ್ನು ಪಕ್ಕಕ್ಕೆ ಇಟ್ಟಳು. ಆಮೇಲೆ ಒಳಗೆ ಹೋಗಿ ಗಡಿಗೆ ತಂದಳು. ಬಗ್ಗಿಸಿದೆ. ನೀರು ನೀರಾದ ಹಾಲು ಮುಂಗೈ ಮೇಲೆ ಹರಿದು ಪುಸ್ತಕದ ಮೇಲೆ ಬಿತ್ತು. ಪಕ್ಕದ ಮನೆಯವರು ನೋಡುತ್ತಿದ್ದರು. 'ಆಗಿಲ್ಲ' ಎಂದು ಬರೆದೆ. ನಾಚಿಕೆಯಾಯಿತೇ ಎಂದರೆ, ಆಯಿತು. ಆದರೆ ನಾಚಿಕೆ ಪಡಲೂ ಮೈಯಲ್ಲಿ ಒಂದಿಷ್ಟು ಬಲ ಬೇಕು. ನನ್ನಲ್ಲಿ ಅದೂ ಅಷ್ಟಾಗಿ ಉಳಿದಿರಲಿಲ್ಲ.

ಫರ್ಜಾನಾ ಒದ್ದೆ ಹಾಳೆಯ ಮೇಲಿನ ಮನೆ ನಂಬರನ್ನು ಬೆರಳಿಟ್ಟು ಎರಡು ಸಲ ಓದಿದಳು. "ಯಾವಾಗಿಂದ ಕಾಕಾ?" ಎಂದಳು. "ಏಳು ತಿಂಗಳಾತ್ರಿ." ಅವಳು ಮನಸ್ಸಿನಲ್ಲೇ ಲೆಕ್ಕ ಹಾಕಿದ್ದು ಮುಖದಲ್ಲಿ ಕಾಣಿಸಿತು. ಡಬ್ಬಿ ತೆಗೆದ ಸೋಮವಾರದ ಹತ್ತಿರ ಬಂದಾಗ ಅವಳ ಕಣ್ಣು ತುಂಬಿತು. "ನಾ ನಿಮ್ಮ ಎದುರಿಗೇ ನಕ್ಕಿದ್ದೆನಲ್ರೀ" ಎಂದಳು. ಬೈದಿದ್ದರೆ ನನಗೆ ಸುಲಭವಾಗುತ್ತಿತ್ತು. ಆಮೇಲೆ ಮೂಗು ಒರೆಸಿಕೊಂಡು ನನ್ನ ಮನೆಯ ಚುಕ್ಕೆಯನ್ನು ಕೆಂಪು ಮಾಡಿದಳು. "ಈಗ ಐದಾತು. ಬರೂ ತಿಂಗಳ ಮೊದಲ ಸೋಮವಾರ ಡಬ್ಬಿ ವಾಪಸ್ ಬರ್ತದ. ನೀವು ಇವತ್ತ ಹೋಗಿ ದವಾಖಾನ್ಯಾಗ ಹೆಸರು ಹಚ್ಚಬೇಕು. ಹಚ್ಚದಿದ್ರ ನಾಳೆ ನಿಮ್ಮ ಕೈಯಾಗ ಪುಸ್ತಕ ಕೊಡೂದಿಲ್ಲ." ಹೋಗಿ ಹೆಸರು ಹಚ್ಚಿದೆ. ದಿನಾ ಮಧ್ಯಾಹ್ನ ಸಾಲಿನಲ್ಲಿ ನಿಂತರೆ, ಗುಳಿಗೆಯ ಚಟ ಬಿಡಿಸಲು ನಾಲಿಗೆ ಕೆಳಗೆ ಇಟ್ಟುಕೊಳ್ಳುವ ಮಾತ್ರೆ ಕೊಡುತ್ತಾರೆ, ಕರಗುವತನಕ ನರ್ಸಮ್ಮ ಎದುರಿಗೇ ನಿಂತಿರುತ್ತಾಳೆ. ಸಾಲಿನಲ್ಲಿ ನನ್ನ ಮುಂದೆ ಹೆಡ್ಮಾಸ್ತರು ನಿಂತಿದ್ದರು. ತಿರುಗಿ ನೋಡಿ ಸ್ವಲ್ಪ ಸರಿದು ನನಗೆ ನೆರಳಿನಲ್ಲಿ ಜಾಗ ಮಾಡಿಕೊಟ್ಟರು.

ಸಾವಾದ ಮನೆಗೆ ಹನ್ನೊಂದು ದಿನ ಮೊಸರು ಕೇಳಿಕೊಂಡು ಹೋಗಬಾರದು, ಅಲ್ಲಿಯತನಕ ಹಳೆಯ ಚುಕ್ಕೆಯೇ ನಡೆಯುತ್ತದೆ. ಹನ್ನೆರಡನೆಯ ದಿನ ಶುಕ್ರವಾರ ಬಂತು. ನಾನು ಎದುರು ಮನೆಯ ಮುಂದೆ ನಿಂತೆ. ನಿಂಬೆವ್ವ ತಾನೇ ಹೊರಗೆ ಬಂದಳು, ಕೈಯಲ್ಲಿ ಸ್ಟೀಲಿನ ತಪ್ಪೇಲಿ ಇತ್ತು. ನಾನು ಮೊದಲು ಹೇಳಬೇಕಾದದ್ದನ್ನು ಹೇಳಿದೆ. "ತಂಗಿ, ಆ ಡಬ್ಬಿ ಹೋಗಿದ್ದು ನನ್ನಿಂದ. ನನ್ನ ಮನಿ ನಾ ಬರೀಲಿಲ್ಲ." ಅವಳು ತಪ್ಪೇಲಿಯ ಕಡೆಗೇ ನೋಡುತ್ತ, "ಗೊತ್ತೈತ್ರಿ. ಅವರಿಗೂ ಗೊತ್ತಿತ್ತು. ಹೋಗಿ ಗುರಪಾದಣ್ಣಗ ಹೇಳ್ರಿ ಅಂದ್ರ, ಮರ್ಯಾದಿ ಮನಷ್ಯಾ, ತಾನ ಬರೀತಾನ ತಡಿ ಅಂತಿದ್ರು" ಎಂದಳು. ನಾನು ಕಟ್ಟೆಯ ಮೇಲೆ ಕೂತುಬಿಟ್ಟೆ. ಕೂರಲು ಅಪ್ಪಣೆಯನ್ನೂ ಕೇಳಲಿಲ್ಲ.

"ಇದನ್ನ ನೋಡ್ರಿ" ಎಂದು ಅವಳು ತಪ್ಪೇಲಿಯನ್ನು ನನ್ನ ಮುಂದೆ ಹಿಡಿದಳು. ಮೊಸರು ಗಟ್ಟಿಯಾಗಿ ಹೆಪ್ಪುಗಟ್ಟಿತ್ತು, ಮೇಲೆ ಹಳದಿ ಕೆನೆ ಕಟ್ಟಿತ್ತು. "ಎರಡು ವರ್ಷ ನಾ ಕಾಣದ ಮೊಸರು. ದಿನಾ ರಾತ್ರಿ ಹೆಪ್ಪು ಹಾಕೂಮುಂದ ಇವತ್ತರ ಆಗ್ಲೆಪ್ಪಾ ಅಂತಿದ್ದೆ. ನಿನ್ನೆ ಏನೂ ಅನ್ನಲಿಲ್ಲ, ಆಗಿ ಕುಂತೈತಿ." ಅವಳು ಅಳಲಿಲ್ಲ, ಆದರೆ ತಪ್ಪೇಲಿ ಅಲುಗುತ್ತಿತ್ತು, ಒಳಗಿನ ಮೊಸರು ಮಾತ್ರ ಅಲುಗುತ್ತಿರಲಿಲ್ಲ. ನಾನು ಪುಸ್ತಕ ತೆರೆದೆ. ಪೆನ್ನು ಹಾಳೆಯ ಮೇಲೆ ಇಟ್ಟಾಗಲೇ ಹೊಳೆದದ್ದು. ಈ ಮನೆ ಹಳದಿಯಾದರೆ ಓಣಿ ಮತ್ತೆ ನಾಲ್ಕು. ದ್ಯಾಮಣ್ಣ ಸತ್ತು ನಮ್ಮ ಓಣಿಯನ್ನು ಸುಧಾರಿಸಿಬಿಟ್ಟಿದ್ದ.

ನಾನು ತಡೆದದ್ದನ್ನು ಅವಳು ಕಂಡಳು. "ಯಾಕ್ರಿ?" ಎಂದಳು. ಹೇಳಿದೆ. "ಆಗಿದೆ ಅಂತ ಬರದ್ರ ನಾಕ ಆಗ್ತೈತಿ. ಸೋಮವಾರ ಡಬ್ಬಿ ಬರೂದಿಲ್ಲ. ಬರೀದ ಇರಾಕ ಬರೂದಿಲ್ಲ ತಂಗಿ, ಒಮ್ಮೆ ಸುಳ್ಳ ಬರದು ಏನಾತು ನೋಡಿದಿ." ಅವಳು ನನ್ನನ್ನೂ, ನನ್ನ ಹಿಂದೆ ನಮ್ಮ ಮನೆಯ ಬಾಗಿಲನ್ನೂ ನೋಡಿದಳು. ಕಸ್ತೂರಿ ಹೊಸ್ತಿಲ ಮೇಲೆ ನಿಂತಿರಬೇಕು, ನಾನು ತಿರುಗಿ ನೋಡಲಿಲ್ಲ. ನಿಂಬೆವ್ವ ತಪ್ಪೇಲಿಯನ್ನು ಕಟ್ಟೆಯ ಮೇಲಿಟ್ಟು ಒಳಗೆ ಹೋದಳು. ಒಂದು ತಂಬಿಗೆ ನೀರು, ಒಂದು ಸೌಟು ತಂದಳು. ತಂಬಿಗೆಯ ನೀರನ್ನು ಪೂರ್ತಿ ಸುರಿದು ಸೌಟಿನಿಂದ ಕೆನೆ ಒಡೆದು, ಗಟ್ಟಿ ಒಡೆದು, ಗರಗರ ತಿರುವಿದಳು. ಆಮೇಲೆ ತಪ್ಪೇಲಿಯನ್ನು ನನ್ನ ಕೈಗೆ ಕೊಟ್ಟು, "ಈಗ ಬಗ್ಗಸ್ರಿ" ಎಂದಳು. ಬಗ್ಗಿಸಿದೆ. ಹರಿಯಿತು.

"ನಿಮ್ಮನ್ನ ನಾ ಕ್ಷಮಾ ಮಾಡೀನಿ ಅಂತ ತಿಳ್ಕೋಬ್ಯಾಡ್ರಿ" ಎಂದಳು ನಿಂಬೆವ್ವ. "ಮಾಡಿಲ್ಲ. ಆದ್ರ ನಾ ಆವತ್ತ ಇಲ್ಲದ ಡಬ್ಬಿಗೆ ಒದರಿದಂಗ ಆ ಕಸ್ತೂರಿ ಒದರಬಾರ್ದು. ಬರ್ಕೋರಿ, ಆಗಿಲ್ಲ ಅಂತ." ಬರೆದುಕೊಂಡೆ. ಫರ್ಜಾನಾ ಅದನ್ನು ಓದಿ ನನ್ನ ಮುಖ ನೋಡಿದಳು. ಗಂಡ ಸತ್ತು ಒಬ್ಬಳೇ ಉಳಿದವಳ ಮನೆಯಲ್ಲಿ, ಗುಳಿಗೆ ನುಂಗುವವರೇ ಇಲ್ಲದ ಮೇಲೂ ಮೊಸರು ಯಾಕೆ ಆಗುವುದಿಲ್ಲ ಎಂದು ಅವಳಿಗೆ ತಿಳಿಯದೇ? ಚುಕ್ಕೆಯನ್ನು ಕೆಂಪಾಗಿಯೇ ಬಿಟ್ಟು, "ಐದು" ಎಂದಳು. ಸೋಮವಾರ ಡಬ್ಬಿ ಬಂತು.

ಈಗ ಮೂರು ತಿಂಗಳಾಯಿತು. ನಾನು ದಿನಾ ಮಾತ್ರೆಯ ಸಾಲಿಗೆ ಹೋಗುತ್ತೇನೆ, ಎರಡು ಸಲ ಜಾರಿ ಮತ್ತೆ ಬಿಳಿ ಗುಳಿಗೆ ನುಂಗಿದ್ದೇನೆ, ಮತ್ತೆ ಸಾಲಿಗೆ ಹೋಗಿದ್ದೇನೆ. ನಮ್ಮ ಗಡಿಗೆಯ ಹಾಲು ಈಗ ಸ್ವಲ್ಪ ಮಂದವಾಗಿದೆ ಎಂದು ಕಸ್ತೂರಿ ಹೇಳುತ್ತಾಳೆ. ನನಗೆ ಹಾಗೇನೂ ಕಾಣುವುದಿಲ್ಲ. ಬೆಳಿಗ್ಗೆ ಎದುರು ಮನೆಗೆ ಹೋದರೆ ನಿಂಬೆವ್ವ ತಪ್ಪೇಲಿಯನ್ನೂ ತಂಬಿಗೆಯನ್ನೂ ಕಟ್ಟೆಯ ಮೇಲೆ ಇಟ್ಟುಕೊಂಡು ಕಾಯುತ್ತಿರುತ್ತಾಳೆ. ಮೊಸರು ದಿನಾ ಗಟ್ಟಿಯಾಗಿ ಆಗಿರುತ್ತದೆ. ಅವಳು ನನ್ನನ್ನು ಬೇರೆ ಏನನ್ನೂ ಕೇಳುವುದಿಲ್ಲ. "ನಿಮ್ಮ ಮನ್ಯಾಗ ಆತೇನ್ರಿ?" ಎಂದು ಮಾತ್ರ ಕೇಳುತ್ತಾಳೆ. "ಇನ್ನೂ ಇಲ್ಲ ತಂಗಿ" ಎನ್ನುತ್ತೇನೆ. ಅವಳು ನೀರು ಸುರಿಯುತ್ತಾಳೆ.